ಮೈಕ್ ಕಾಕಾನ ಎರಡನೆಯ ದನಿ

ಕೊರಳಿನ ಬುಡದಲ್ಲಿ, ಎರಡೂ ಕಡೆಯ ಎಲುಬು ಬಂದು ಕೂಡುವ ತಗ್ಗಿನಲ್ಲಿ, ಹೆಬ್ಬೆರಳು ಹಿಡಿಸುವಷ್ಟು ಒಂದು ತೂತು. ಅದರ ಮುಂದೆ ಇಳಿಬಿಟ್ಟ ಕೈಯಗಲದ ಬಿಳಿ ಬಟ್ಟೆ. ಮೈಕ್ ಕಾಕಾ ಉಸಿರು ಬಿಟ್ಟಾಗ ಆ ಬಟ್ಟೆ ಸ್ವಲ್ಪ ಎದ್ದು, ಎಳೆದುಕೊಂಡಾಗ ಕೊರಳಿಗೆ ಅಂಟುತ್ತಿತ್ತು. ಮಾತಾಡಬೇಕಾದರೆ ಬಲಗೈಯ ಹೆಬ್ಬೆರಳನ್ನು ಬಟ್ಟೆಯ ಕೆಳಗೆ ತೂರಿಸಿ ತೂತು ಮುಚ್ಚಿಕೊಳ್ಳುತ್ತಿದ್ದರು. ಆಗ ಒಳಗಿನಿಂದ ದಪ್ಪನೆಯ, ಒರಟಾದ, ಬಾವಿಯ ತಳದಲ್ಲಿ ಕೊಡ ಉಜ್ಜಿದಂಥ ದನಿಯೊಂದು ಬರುತ್ತಿತ್ತು. ಮೊದಲ ಸಲ ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಕಾಕಾ ಅವರ ಮುಖ ನೋಡಿ, "ಗಾಬರಿ ಆಗಬ್ಯಾಡ್ರಿ. ಮಶೀನ್ ಹಳೇದ ಐತಿ, ಹಾರ್ನ್ ಅಷ್ಟ ಬದಲಿ ಮಾಡ್ಯಾರ" ಅನ್ನುತ್ತಿದ್ದರು.

ಅದಕ್ಕೂ ಮೊದಲು ಅವರಿಗಿದ್ದ ದನಿಯನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಗುರುತಿಸದವರು ಕಡಿಮೆ. ಆಟೋದ ನೆತ್ತಿಗೆ ಎರಡು ಹಾರ್ನ್ ಕಟ್ಟಿಕೊಂಡು ಊರೂರು ತಿರುಗಿ ಸುದ್ದಿ ಸಾರುವುದು ಅವರ ಉದ್ಯೋಗ. ನಾಟಕ ಕಂಪನಿ ಬಂದದ್ದು, ನಳದ ನೀರು ಎರಡು ದಿನ ಬರದಿರುವುದು, ಪೋಲಿಯೊ ಹನಿ, ಸೀರೆಯ ಸೇಲ್, ದನ ಕಳೆದದ್ದು, ಜನ ತೀರಿಕೊಂಡದ್ದು ಎಲ್ಲವೂ ಅವರ ಬಾಯಿಂದಲೇ ಊರಿಗೆ ತಿಳಿಯಬೇಕು. ಬರೆದುಕೊಟ್ಟದ್ದನ್ನು ಹಾಗೇ ಓದುವ ಪೈಕಿ ಅವರಲ್ಲ. ಸಂಪಗಾಂವದ ರೈತರೊಬ್ಬರ ಆಕಳು ಕಳೆದಾಗ, "ಬಣ್ಣ ಕಂದು, ಬಲಗೊಂಬು ಮುರದೈತಿ, ಸ್ವಭಾವ ಸೂಕ್ಷ್ಮ ಐತಿ, ಸಿಕ್ಕವರು ಬೈಬ್ಯಾಡ್ರಿ" ಎಂದು ಮೂರು ಹಳ್ಳಿ ಸಾರಿದ್ದರು. ಆಕಳು ಸಿಕ್ಕಿತು. ಸಿಕ್ಕವರು ಬೈಯದೆ ಹೊಡೆದುಕೊಂಡು ಬಂದರಂತೆ.

ಬೈಲಹೊಂಗಲದಲ್ಲಿ ಅವರ ಮನೆ, ನಮ್ಮ ಮನೆ ಎದುರುಬದುರು. ನನ್ನ ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಕಾಕಾ ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವರು. ಆದರೂ ಸಂಜೆ ಇಬ್ಬರೂ ಕಟ್ಟೆಗೆ ಕೂತರೆ ಹೆಚ್ಚು ಮಾತಾಡುವವರು ಕಾಕಾ, ಕೇಳುವವರು ಅಪ್ಪ. ನನ್ನನ್ನು ಅವರು ಹೆಸರು ಹಿಡಿದು ಕರೆದ ನೆನಪಿಲ್ಲ. "ಮಗಳ" ಅಷ್ಟೇ. ಅವರ ಹೆಂಡತಿಯನ್ನು ನಾನು ಚಾಚಿ ಅನ್ನುತ್ತಿದ್ದೆ.

ನನ್ನ ಅವ್ವ ತೀರಿಕೊಂಡಾಗ ನನಗೆ ಹತ್ತೊಂಬತ್ತು ವರ್ಷ. ಗರ್ಭಕೋಶದ ಬಾಯಿಯ ಕ್ಯಾನ್ಸರ್. ಮುಟ್ಟಿನ ದಿನಗಳಲ್ಲದ ದಿನಗಳಲ್ಲೂ ರಕ್ತ ಹೋಗುತ್ತಿದ್ದುದನ್ನು ಅವಳು ಒಂದು ವರ್ಷ ಯಾರಿಗೂ ಹೇಳಿರಲಿಲ್ಲ. ಕೊನೆಗೆ ದವಾಖಾನೆಗೆ ಹೋದ ಮೇಲೆ ನಾವು ಅವಳಿಗೆ ಹೇಳಲಿಲ್ಲ. ಹುಣ್ಣಾಗಿದೆ, ಮಾಯುತ್ತದೆ ಅಂದೆವು. ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಅವಳು ನನ್ನ ಕೈ ಹಿಡಿದು, "ಎಲ್ಲಾರೂ ಕೂಡಿ ಏನೋ ಮುಚ್ಚಿಡಾಕತ್ತೀರಿ" ಅಂದಳು. ನಾನು, "ಏನಿಲ್ಲ ಬೇ" ಅಂದೆ. ಅವಳು ಕೈ ಬಿಟ್ಟು ಗೋಡೆಯ ಕಡೆ ಹೊರಳಿದಳು. ಆಮೇಲೆ ಅವಳು ಯಾವುದನ್ನೂ ಕೇಳಲಿಲ್ಲ.

ಇದೆಲ್ಲ ಮತ್ತೆ ನನ್ನ ಮುಂದೆ ಬಂದು ನಿಂತದ್ದು ಹನ್ನೆರಡು ವರ್ಷದ ಮೇಲೆ. ಆಗ ನಾನು ಊರಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಗಂಡನಿಗೆ ಎಂ.ಕೆ. ಹುಬ್ಬಳ್ಳಿಯಲ್ಲಿ ಕೆಲಸ. ಅಪ್ಪನ ಮನೆಯಲ್ಲೇ ನಮ್ಮ ಸಂಸಾರ.

ಆ ಬೇಸಿಗೆಯಲ್ಲಿ ಕಾಕಾನ ದನಿ ಒಡೆಯತೊಡಗಿತು. ಮೊದಲು ಸಂಜೆಯ ಹೊತ್ತು ಮಾತ್ರ, ಆಮೇಲೆ ಬೆಳಗಿನಿಂದಲೇ. ಕಾಕಾಗೆ ಬೀಡಿ ಹದಿನಾಲ್ಕನೇ ವಯಸ್ಸಿನಿಂದ ಇತ್ತು. ಒಂದು ಊರು ಮುಗಿಸಿ ಇನ್ನೊಂದು ಊರಿಗೆ ಹೋಗುವ ನಡುವೆ ಗಿಡದ ನೆರಳಿಗೆ ಆಟೋ ನಿಲ್ಲಿಸಿ ಒಂದು ಬೀಡಿ ಸೇದಿದರೇ ಮುಂದಿನ ಊರು. ನಾನು ಎರಡು ಸಲ, "ಗಂಟಲ ಡಾಕ್ಟರಿಗೆ ತೋರಸ್ರಿ ಕಾಕಾ, ದನಿ ಮೂರು ವಾರದ ಮ್ಯಾಲ ಹಿಂಗ ಇದ್ದರ ಸುಮ್ನ ಬಿಡಬಾರದು" ಅಂದೆ. "ಧೂಳ ಮಗಳ. ರಸ್ತೆ ಅಗದಾರ ನೋಡು" ಅಂದರು. ಜ್ಯೇಷ್ಠಮಧು ಅಗಿದರು, ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದರು, ಔಷಧದ ಅಂಗಡಿಯಿಂದ ಕೆಮ್ಮಿನ ಸಿರಪ್ ತಂದು ಕುಡಿದರು. ಹಾಗೆ ನಾಲ್ಕು ತಿಂಗಳು ಹೋದವು.

ಯರಗಟ್ಟಿಯ ಸಂತೆಯ ದಿನ ಏನಾಯಿತೆಂದು ಅವರ ಮಗ ಆಮೇಲೆ ಹೇಳಿದ. ಬಸ್ ನಿಲ್ದಾಣದ ಮುಂದೆ ಸಾರುತ್ತಿರುವಾಗ ನಡು ವಾಕ್ಯದಲ್ಲಿ ದನಿ ನಿಂತುಹೋಯಿತಂತೆ. ಬಾಯಿ ಆಡುತ್ತಿದೆ, ಹಾರ್ನಿನಿಂದ ಬರೀ ಗಾಳಿ. ಜನ ನಕ್ಕರು. ಒಬ್ಬರು, "ಕಾಕಾ, ಬ್ಯಾಟರಿ ಮುಗದೈತಿ" ಎಂದು ಕೂಗಿದರು. ಕಾಕಾ ಮೈಕ್ ಬಂದ್ ಮಾಡಿ, ಬರೆದ ಚೀಟಿಯನ್ನು ಮಗನ ಕೈಗಿಟ್ಟು, ಹಿಂದಿನ ಸೀಟಿಗೆ ಹೋಗಿ ಕೂತರು. ಆ ವಾರವೇ ಉಸಿರು ಎಳೆದುಕೊಳ್ಳುವಾಗ ಕೊರಳಲ್ಲಿ ಸಣ್ಣಗೆ ಸೀಟಿ ಹೊಡೆದಂಥ ಸದ್ದು ಶುರುವಾಯಿತು. ನಮ್ಮ ಕಟ್ಟೆಗೆ ಕೇಳುವಷ್ಟು.

ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ನಾನೂ ಅವರ ಮಗನೂ ಕರೆದುಕೊಂಡು ಹೋದೆವು. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಒಂದು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು, ಸ್ಕ್ಯಾನ್ ಮಾಡಿದರು. ವಾರದ ಮೇಲೆ ವರದಿ ಬಂತು. ಡಾಕ್ಟರು ಮಗನನ್ನೂ ನನ್ನನ್ನೂ ಒಳಗೆ ಕರೆದರು. ಧ್ವನಿಪೆಟ್ಟಿಗೆಯ ಕ್ಯಾನ್ಸರ್. ಹೊರಗಿನ ಮೆತ್ತೆಲುಬಿನವರೆಗೆ ಹೋಗಿದೆ. ಮೊದಲೇ ಬಂದಿದ್ದರೆ ಬರೀ ರೇಡಿಯೇಶನ್ನಿನಿಂದ ದನಿ ಉಳಿಸಬಹುದಿತ್ತು, ಈಗ ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕು. ಮುಂದೆ ಜೀವಮಾನವಿಡೀ ಕೊರಳಿನ ತೂತಿನಿಂದಲೇ ಉಸಿರಾಟ. "ಬದುಕೂ ಅವಕಾಶ ಚಲೋ ಐತಿ" ಎಂದು ಅವರು ಎರಡು ಸಲ ಹೇಳಿದರು. "ತಡಾ ಮಾಡಬ್ಯಾಡ್ರಿ. ಮತ್ತ, ಪೇಶಂಟಿಗೆ ಹೇಳ್ರಿ. ನಿಮಗ ಆಗೂದಿಲ್ಲಂದ್ರ ಅಡ್ಮಿಟ್ ಆಗೂ ದಿನ ನಾನ ಹೇಳತೇನಿ."

ಹೊರಗೆ ಬಂದ ಕೂಡಲೆ ಮಗ ನನ್ನ ಮುಂದೆ ಕೈ ಮುಗಿದ. "ಅಕ್ಕಾರ, ಅಬ್ಬಾಗ ಈಗ ಹೇಳಬ್ಯಾಡ್ರಿ. ಎದಿ ಒಡದ ಸಾಯ್ತಾನ." ಕಾಕಾ ಬೆಂಚಿನ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದರು. ನನ್ನ ಕೈಯಲ್ಲಿ ವರದಿ ಇತ್ತು. "ಏನ್ ಬರದಾರ ಮಗಳ?"

"ಗಂಟ ಐತ್ರಿ ಕಾಕಾ. ತಗದ್ರ ಆರಾಮ ಆಕ್ಕೈತಿ."

"ಕ್ಯಾನ್ಸರ್ ಅಲ್ಲಲಾ?"

"ಅಲ್ರಿ."

ಅವ್ವನಿಗೆ ಹೇಳಿದಷ್ಟೇ ಸಲೀಸಾಗಿ ಹೇಳಿದೆ. ಹನ್ನೆರಡು ವರ್ಷದಲ್ಲಿ ನಾನು ಬದಲಾಗಿರಲಿಲ್ಲ.

ಆಪರೇಶನ್ನಿಗೆ ಮೊದಲು ರಕ್ತ, ಎದೆ ಎಲ್ಲ ತಪಾಸಣೆ ಆಗಬೇಕೆಂದು ಇನ್ನೊಂದು ಸಲ ಹೋದೆವು. ನಾವು ಚೀಟಿ ಹಿಡಿದು ಸಾಲಿನಲ್ಲಿ ನಿಂತಾಗ ಕಾಕಾ ಹೊರಗೆ ಚಹಾದ ಗಾಡಿಯ ಹತ್ತಿರ ಕೂತಿದ್ದರು. ಅವರ ಪಕ್ಕದಲ್ಲಿ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡ ಒಬ್ಬರು. ಅವರ ಜೊತೆಗಿದ್ದ ಹೆಣ್ಣುಮಗಳು ಯಾವ ದುರುದ್ದೇಶವೂ ಇಲ್ಲದೆ, ಕಾಕಾನ ಉಸಿರಿನ ಸದ್ದು ಕೇಳಿ, "ನಿಮಗೂ ಇದ ಕ್ಯಾನ್ಸರ್ ಏನ್ರಿ? ನಮ್ಮ ಮನಿಯವರಿಗೆ ದನಿಪೆಟ್ಟಿಗಿ ತಗದ ನಾಕ ತಿಂಗಳಾತ್ರಿ. ಈಗ ಕೈಸನ್ನಿಯೊಳಗ ಮಾತಾಡತಾರ" ಅಂದಳಂತೆ. ಕಾಕಾ ಆ ದಿನ ನಮಗೇನೂ ಹೇಳಲಿಲ್ಲ. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಬಂದರು.

ಅಡ್ಮಿಟ್ ಆಗಲು ಎರಡು ದಿನ ಉಳಿದಿತ್ತು. ಬೆಳಿಗ್ಗೆ ಚಾಚಿ ನಮ್ಮ ಬಾಗಿಲಿಗೆ ಓಡಿಬಂದಳು. ಕಾಕಾ ಇಲ್ಲ. ಆಟೋ ಇಲ್ಲ. ಫೋನ್ ಬಂದ್.

ಮಸೀದಿ, ಮಾರ್ಕೆಟ್ಟು, ಬಸ್ ನಿಲ್ದಾಣ ನೋಡಿಯಾಯಿತು. ಹಿರಿಯ ಮಗಳನ್ನು ಕೊಟ್ಟ ಕಿತ್ತೂರಿನ ಬೀಗರಿಗೆ ಫೋನ್ ಮಾಡಿಯಾಯಿತು. ಊರೂರು ತಿರುಗಿ ಕಳೆದವರ ಸುದ್ದಿ ಹೇಳುತ್ತಿದ್ದವರೇ ಕಳೆದಿದ್ದರು, ಸಾರಲು ಇನ್ನೊಬ್ಬರಿರಲಿಲ್ಲ. ಹನ್ನೊಂದರ ಹೊತ್ತಿಗೆ ಯರಗಟ್ಟಿಯ ಪಂಕ್ಚರ್ ಅಂಗಡಿಯವರು ಮಗನಿಗೆ ಫೋನ್ ಮಾಡಿ, ಹಾರ್ನಿನ ಆಟೋ ರಾಮದುರ್ಗದ ರಸ್ತೆಗೆ ಹೊರಳಿದ್ದನ್ನು ನೋಡಿದ್ದಾಗಿ ಹೇಳಿದರು. ಆಗ ಚಾಚಿ ಬಾಯಿಬಿಟ್ಟಳು. ರಾಮದುರ್ಗದ ಆಚೆ ಒಂದು ಹಳ್ಳಿಯಲ್ಲಿ ಬೇರಿನ ಔಷಧ ಕೊಡುವವರೊಬ್ಬರಿದ್ದಾರೆ, ಕತ್ತಿ ಮುಟ್ಟಿಸಿದರೆ ಈ ರೋಗ ಮೈತುಂಬ ಹಬ್ಬುತ್ತದೆ, ಕಷಾಯ ಕುಡಿದರೆ ಗಂಟು ಕರಗುತ್ತದೆ ಎಂದು ಅವಳ ಅಣ್ಣನೇ ಕಾಕಾನ ಕಿವಿಯಲ್ಲಿ ಊದಿದ್ದನಂತೆ.

ನಾನು ಶಾಲೆಗೆ ರಜೆ ಹೇಳಿ ಮಗನ ಜೊತೆ ಬಾಡಿಗೆ ಕಾರಿನಲ್ಲಿ ಹೊರಟೆ. ದಾರಿಯಲ್ಲಿ ಅವನು ಒಂದೇ ಮಾತು ಹೇಳುತ್ತಿದ್ದ: "ನಾ ಹೇಳಬ್ಯಾಡ್ರಿ ಅಂದದ್ದ ತಪ್ಪಾತು." ಅವನನ್ನು ಸಮಾಧಾನ ಮಾಡುವ ಮುಖ ನನಗಿರಲಿಲ್ಲ. ಅವನು ಬೇಡ ಅಂದಿದ್ದ. ಸುಳ್ಳು ಹೇಳಿದ್ದು ನಾನು.

ಊರ ಹೊರಗೆ ಒಂದು ಮನೆ, ಮುಂದೆ ತಗಡಿನ ಚಪ್ಪರ. ಚಾಪೆಯ ಮೇಲೆ ಹದಿನೈದು ಇಪ್ಪತ್ತು ಜನ. ಒಬ್ಬಳ ಮಡಿಲಲ್ಲಿ ಮಗು ಮಲಗಿತ್ತು, ಒಬ್ಬರ ಕೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ಬೇರು ಕುದಿಸಿದ ಕಟು ವಾಸನೆ. ಕಾಕಾ ನನ್ನ ಕಣ್ಣಿಗೆ ಬೀಳುವ ಮೊದಲೇ ಅವರ ಉಸಿರಿನ ಸೀಟಿ ಕಿವಿಗೆ ಬಿತ್ತು. ಗೋಡೆಗೆ ಒರಗಿ ಕೂತಿದ್ದರು, ಕೈಯಲ್ಲಿ ಸ್ಟೀಲಿನ ಲೋಟ. ನಮ್ಮನ್ನು ನೋಡಿ ಮುಖ ತಿರುಗಿಸಿದರು. ಪಿಸುಮಾತಿನಲ್ಲಿ, ಎರಡೆರಡು ಶಬ್ದಕ್ಕೆ ಉಸಿರು ಎಳೆಯುತ್ತ ಅಂದರು:

"ನೀ ಸುಳ್ಳ ಹೇಳಿದಿ ಮಗಳ. ನನ್ನ ಮಗ ಹೇಳಿದ್ರ... ಬಿಡು ಅನ್ನತಿದ್ದೆ. ಅಂವ ಹೆದರಪುಕ್ಕ. ನೀ ಸಾಲಿ ಕಲಿಸಾಕಿ."

"ಹೌದ್ರಿ ಕಾಕಾ. ಸುಳ್ಳ ಹೇಳಿದೆ. ನಿಮಗ ಕ್ಯಾನ್ಸರ್ ಐತಿ."

ಆ ಶಬ್ದವನ್ನು ನಾನು ರೋಗಿಯ ಮುಂದೆ ಬಾಯಿಬಿಟ್ಟು ಹೇಳಿದ್ದು ಜನ್ಮದಲ್ಲಿ ಅದೇ ಮೊದಲು. ಮಗ ಆಚೆ ಮುಖ ಮಾಡಿ ನಿಂತ. ಸುತ್ತ ಕೂತವರು ನನ್ನನ್ನೇ ನೋಡಿದರು. ನಾನು ಕೆಳಗೆ ಕೂತು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಎಲ್ಲಿಯವರೆಗೆ ಹೋಗಿದೆ, ಏನು ತೆಗೆಯುತ್ತಾರೆ, ಎಲ್ಲಿಂದ ಉಸಿರಾಡಬೇಕು, ಬದುಕುವ ಅವಕಾಶ ಎಷ್ಟು ಚಲೋ ಇದೆ. ಈ ಸಲ ಏನೂ ಬಿಡಲಿಲ್ಲ.

"ದನಿ ಹೋದ ಮ್ಯಾಲ ನಾ ಏನ್ ಮಾಡ್ಲಿ?" ಅಂದರು. "ನನಗ ಬ್ಯಾರೆ ಏನ್ ಬರತೈತಿ?"

"ಗೊತ್ತಿಲ್ರಿ ಕಾಕಾ."

ನಿಜವಾಗಿಯೂ ಗೊತ್ತಿರಲಿಲ್ಲ. ಆಮೇಲೆ ನಾನು ಯಾರಿಗೂ ಹೇಳದಿದ್ದ ಒಂದು ಮಾತು ಬಾಯಿಗೆ ಬಂತು. "ನಮ್ಮ ಅವ್ವಗ ನಾವು ಹೇಳಲಿಲ್ಲ. ಆಕಿಗೆ ಗೊತ್ತಾಗಿತ್ತು. ಕೇಳಿದ್ಳು, ನಾ ಏನಿಲ್ಲ ಅಂದೆ. ಆಮ್ಯಾಲ ಸಾಯೂತನಕ ಆಕಿ ಒಬ್ಬಾಕೀನ ಇದ್ಳು ಕಾಕಾ. ಮನಿ ತುಂಬ ನಾವಿದ್ರೂ ಒಬ್ಬಾಕೀನ ಇದ್ಳು. ನಿಮಗ ಹಂಗ ಮಾಡಾಕ ಹೊಂಟಿದ್ದೆ. ತಪ್ಪಾತ್ರಿ."

ಔಷಧ ಕೊಡುವವರು ಒಳಗಿನಿಂದ ಬಂದರು. ಸಿಟ್ಟಿನವರಲ್ಲ, ಮೆತ್ತಗೆ ಮಾತಾಡುವವರು. "ಯಾಕ ಅವಸರ ಮಾಡತೀರಿ ತಂಗಿ? ನಲವತ್ತೊಂದು ದಿನ ಕುಡೀಲಿ. ಕರಗಲಿಲ್ಲಂದ್ರ ಆಮ್ಯಾಲ ನೋಡ್ರಿ" ಅಂದರು.

ನಾನು ಅವರ ಕಡೆ ನೋಡಲಿಲ್ಲ. "ನಲವತ್ತೊಂದು ದಿನದ ಉಸಿರು ಐತೇನ್ರಿ ಕಾಕಾ ನಿಮ್ಮ ಕಡೆ?"

ಸೀಟಿಯೊಂದೇ ಕೇಳುತ್ತಿತ್ತು. ಕೊನೆಗೆ ಕಾಕಾ ಲೋಟ ಕೆಳಗಿಟ್ಟು, ಮಗನ ಕಡೆ ಕೈ ಚಾಚಿದರು, ಎಬ್ಬಿಸು ಎಂದು.

ಎಬ್ಬಿಸಿದ್ದು ಸುಲಭವಾಯಿತು, ದಾರಿ ಸುಲಭವಾಗಲಿಲ್ಲ. ಆಟೋ ಅಲ್ಲೇ ಬಿಟ್ಟು, ಕಾರಿನಲ್ಲಿ ನೇರ ಹುಬ್ಬಳ್ಳಿಗೇ ಹೋಗುವುದೆಂದು ಸವದತ್ತಿಯ ರಸ್ತೆ ಹಿಡಿದೆವು. ಅರ್ಧ ದಾರಿಯಲ್ಲಿ ಸೀಟಿ ಜೋರಾಯಿತು. ಕಾಕಾ ಮುಂದೆ ಬಾಗಿ, ಎದುರಿನ ಸೀಟನ್ನು ಎರಡೂ ಕೈಯಿಂದ ಹಿಡಿದು, ಪ್ರತಿ ಉಸಿರನ್ನೂ ಎಳೆದು ತರುತ್ತಿದ್ದರು. ಕೊರಳಿನ ತಗ್ಗು ಒಳಗೆ ಸೇದಿಹೋಗುತ್ತಿತ್ತು. ತುಟಿ ನೇರಳೆಗೆ ತಿರುಗಿತು. ಕಬ್ಬಿನ ಟ್ರ್ಯಾಕ್ಟರೊಂದು ಮುಂದೆ ಇತ್ತು, ಎರಡು ಟ್ರೇಲರ್ ಹಚ್ಚಿಕೊಂಡು ರಸ್ತೆ ತುಂಬ ಹೊರಟಿತ್ತು. ಡ್ರೈವರ್ ಹಾರ್ನ್ ಹೊಡೆದೇ ಹೊಡೆದ. ಮಗ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, "ಅಬ್ಬಾಗ ಉಸರ ಸಿಗವಲ್ದು, ಬಾಜೂಕ ತಗೀರಿ!" ಎಂದು ಚೀರಿದ. ಆ ಟ್ರ್ಯಾಕ್ಟರು ಬದಿಗೆ ಸರಿಯಲು ಎಷ್ಟು ಹೊತ್ತಾಯಿತೋ, ಒಂದು ನಿಮಿಷವೂ ಇರಲಿಕ್ಕಿಲ್ಲ. ನಾನು ಅವರ ಬೆನ್ನಿನ ಮೇಲೆ ಕೈಯಿಟ್ಟು ಉಸಿರು ಎಣಿಸುತ್ತಿದ್ದೆ. ಒಂದಾದ ಮೇಲೆ ಇನ್ನೊಂದು ಬರುವುದೋ ಇಲ್ಲವೋ ಎಂಬ ಎಣಿಕೆ ಅದು.

ಸವದತ್ತಿಯ ಸರಕಾರಿ ದವಾಖಾನೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರ್ ಒಬ್ಬರು ಓಡಿಬಂದು ಆಮ್ಲಜನಕ ಹಚ್ಚಿದರು, ಇಂಜೆಕ್ಷನ್ ಕೊಟ್ಟರು, ಹುಬ್ಬಳ್ಳಿಗೆ ಫೋನ್ ಮಾಡಿ ಅಂಬ್ಯುಲೆನ್ಸಿನಲ್ಲಿ ತಾವೇ ಹತ್ತಿದರು. ಧಾರವಾಡ ದಾಟುವಾಗ ಕಾಕಾ ನನ್ನ ಮುಂಗೈ ಹಿಡಿದಿದ್ದರು. ಉಗುರು ಊರಿದ ಗುರುತು ನಾಲ್ಕು ದಿನ ಇತ್ತು.

ಹುಬ್ಬಳ್ಳಿಯಲ್ಲಿ ಅವರನ್ನು ಎಚ್ಚರದಲ್ಲೇ ಮಲಗಿಸಿ, ಕೊರಳಿಗೆ ಮಾತ್ರ ಜೋಮು ಹಿಡಿಸುವ ಔಷಧ ಕೊಟ್ಟು, ಉಸಿರಿನ ಕೊಳವೆಗೆ ದಾರಿ ಮಾಡಿದರು. ನಾವು ಬಾಗಿಲ ಹೊರಗೆ. ಸೀಟಿ ಅಲ್ಲಿಗೂ ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಅದು ನಿಂತಿತು. ಮುಗಿಯಿತು ಅಂದುಕೊಂಡೆ. ಎಷ್ಟೋ ಹೊತ್ತಿನ ಮೇಲೆ ನರ್ಸ್ ಬಾಗಿಲು ತೆರೆದು, "ಉಸರಾಟ ಸರಾಗ ಆತ್ರಿ. ಈಗ ನಿದ್ದಿ ಹತ್ತೈತಿ" ಅಂದರು.

ಮರುದಿನ ಡಾಕ್ಟರು ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಕಾಕಾಗೆ ಎಲ್ಲ ವಿವರಿಸಿದರು. ಮಾತಾಡಲು ಬಾರದ ಕಾಕಾ ನಡುನಡುವೆ ಕೈಯೆತ್ತಿ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು. ನಾನು ತಲೆಯಾಡಿಸಿದ ಮೇಲೆ ಮುಂದೆ ಹೇಳಿಸುತ್ತಿದ್ದರು. ಒಪ್ಪಿಗೆ ಪತ್ರಕ್ಕೆ ಮಗ ಸಹಿ ಮಾಡಲು ಹೋದಾಗ ಪೆನ್ ಕಸಿದುಕೊಂಡು, ಮೂರನೆಯ ಇಯತ್ತೆಯ ಅಕ್ಷರದಲ್ಲಿ, ತಮ್ಮ ಹೆಸರನ್ನು ತಾವೇ ಬರೆದರು.

ವಾರದ ಮೇಲೆ ದೊಡ್ಡ ಆಪರೇಶನ್ ಆಯಿತು. ಬೆಳಿಗ್ಗೆ ಒಳಗೆ ಹೋದವರು ಸಂಜೆಗೆ ಹೊರಗೆ ಬಂದರು.

ಆಮೇಲಿನ ತಿಂಗಳುಗಳನ್ನು ಶೌರ್ಯದ ಕತೆಯಂತೆ ಹೇಳಿದರೆ ಕಾಕಾ ನನ್ನನ್ನು ಕ್ಷಮಿಸಲಿಕ್ಕಿಲ್ಲ. ಮೂಗಿನ ನಳಿಗೆಯಿಂದ ಊಟ. ವಾಸನೆ ಹತ್ತುವುದಿಲ್ಲ. ಕೆಮ್ಮಿದರೆ ಕಫ ಕೊರಳಿನಿಂದ ಸಿಡಿಯುತ್ತದೆ. ಚಾಚಿ ಮೊದಲ ವಾರ ಆ ತೂತು ನೋಡಲಾರದೆ ಸೆರಗು ಮುಖಕ್ಕೆ ಒತ್ತಿಕೊಂಡು ಹೊರಗೆ ಹೋಗುತ್ತಿದ್ದಳು. ಅದನ್ನು ಕಂಡು ಕಾಕಾ ಕನ್ನಡಿ ತರಿಸಿಕೊಂಡು, ತೂತು ಸ್ವಚ್ಛ ಮಾಡಿಕೊಳ್ಳುವುದನ್ನು ತಾವೇ ಕಲಿತರು. ನಾನು ಒಂದು ಪಾಟಿ ಕೊಟ್ಟಿದ್ದೆ, ಬರೆದು ಹೇಳಲಿ ಎಂದು. ಒಂದು ದಿನ ಅದರ ಮೇಲೆ "ಯಾಕ ಉಳಸಿದ್ರಿ" ಎಂದು ಬರೆದು, ಗೋಡೆಗೆ ಎಸೆದು ಒಡೆದರು. ರೇಡಿಯೇಶನ್ನಿಗೆ ವಾರಕ್ಕೆ ಐದು ದಿನದಂತೆ ಆರು ವಾರ ಹುಬ್ಬಳ್ಳಿಯಲ್ಲೇ ಕೋಣೆ ಹಿಡಿದು ಇರಬೇಕಾಯಿತು. ಕೊರಳಿನ ಚರ್ಮ ಸುಟ್ಟ ಬದನೆಯಂತೆ ಕಪ್ಪಾಯಿತು. ಮೂರನೆಯ ವಾರದಲ್ಲಿ ಇನ್ನು ಸಾಕು ಎಂದು ಚೀಲ ಕಟ್ಟಿದರು. ಆ ದಿನ ಅಪ್ಪ ಬೈಲಹೊಂಗಲದಿಂದ ಬಸ್ ಹಿಡಿದು ಹೋಗಿ, ಕೋಣೆಯಲ್ಲಿ ಅವರ ಎದುರು ಕೂತು ಏನೂ ಬುದ್ಧಿ ಹೇಳದೆ ಮಧ್ಯಾಹ್ನದ ತನಕ ಪೇಪರ್ ಓದಿದರು. ಒಂದೊಂದು ಸುದ್ದಿ, ಗಟ್ಟಿಯಾಗಿ. ಜೀವನದಲ್ಲಿ ಮೊದಲ ಸಲ ಅವರಿಬ್ಬರಲ್ಲಿ ಅಪ್ಪ ಮಾತಾಡುವವರಾದರು, ಕಾಕಾ ಕೇಳುವವರಾದರು. ಎರಡು ಗಂಟೆಗೆ ಕಾಕಾ ಎದ್ದು ಚಪ್ಪಲಿ ಮೆಟ್ಟಿ ರೇಡಿಯೇಶನ್ನಿಗೆ ನಡೆದರು.

ಕೆಲವು ತಿಂಗಳ ನಂತರ ಉಸಿರಿನ ಕೊಳವೆಗೂ ಅನ್ನನಾಳಕ್ಕೂ ನಡುವೆ ಒಂದು ಸಣ್ಣ ಕವಾಟ ಕೂಡಿಸಿದರು. ತೂತು ಮುಚ್ಚಿ ಉಸಿರು ಬಿಟ್ಟರೆ ಗಾಳಿ ಆ ಕವಾಟದಿಂದ ಗಂಟಲಿಗೆ ಹೋಗಿ ದನಿಯಾಗುತ್ತದೆ. ಡಾಕ್ಟರು, "ಒಂದರಿಂದ ಐದರತನಕ ಅನ್ನರಿ ನೋಡೂಣು" ಅಂದರು. ಕಾಕಾ ಹೆಬ್ಬೆರಳು ಒತ್ತಿದರು. ಮೊದಲು ಗಾಳಿ ಬಂತು, ಆಮೇಲೆ ಗೊರಗೊರ, ಆಮೇಲೆ, "ಒಂದ." ಚಾಚಿ ಬೆಚ್ಚಿಬಿದ್ದಳು. "ಎರಡ. ಮೂರ." ಐದಕ್ಕೆ ಡಾಕ್ಟರು ಕೈಯೆತ್ತಿದರು. ಕಾಕಾ ನಿಲ್ಲಿಸಲಿಲ್ಲ. ಹತ್ತು ದಾಟಿತು, ಹದಿನೈದು ದಾಟಿತು. ಬೆವರು ಇಳಿಯುತ್ತಿತ್ತು, ಕಣ್ಣು ಕೆಂಪಾಗಿದ್ದವು, ಎಣಿಸುತ್ತಲೇ ಇದ್ದರು. ಇಪ್ಪತ್ತಮೂರಕ್ಕೆ ಚಾಚಿ ಅಳುತ್ತ ನಗುತ್ತ, "ಬಸ್ ಕರೋ ಜೀ" ಎಂದು ಅವರ ಕೈ ಹಿಡಿದುಕೊಂಡಳು.

ವರ್ಷದೊಳಗೆ ಆಟೋ ಮತ್ತೆ ರಸ್ತೆಗೆ ಬಂತು. ಬಹಳಷ್ಟನ್ನು ಮಗ ಸಾರುತ್ತಿದ್ದ. ಆದರೆ ಆರೋಗ್ಯ ಇಲಾಖೆಯ ಕ್ಯಾನ್ಸರ್ ತಪಾಸಣೆಯ ಶಿಬಿರ ಇದ್ದರೆ ಮೈಕ್ ಕಾಕಾನ ಕೈಗೆ. ಅವರು ಬೀಡಿ ಬಿಟ್ಟು ವರ್ಷವಾಗಿತ್ತು. ಒಮ್ಮೆ ಕಾಕಾನನ್ನು ಕರೆದುಕೊಂಡು ನಮ್ಮ ಶಾಲೆಗೆ ಬಂದ ಇಲಾಖೆಯವರೊಬ್ಬರು, ತಂಬಾಕಿನ ಮೇಲೆ ಭಾಷಣ ಮಾಡುತ್ತ, ಕಾಕಾನ ಕೊರಳಿನ ಬಟ್ಟೆ ಎತ್ತಿ ಮಕ್ಕಳಿಗೆ ತೋರಿಸಲು ಹೋದರು. ಕಾಕಾ ಆ ಕೈ ಸರಿಸಿದರು. ಆಮೇಲೆ ಸ್ಟಾಫ್ ರೂಮಿನಲ್ಲಿ ಅವರಿಗೆ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ: "ನನ್ನ ದೆವ್ವ ಮಾಡಿ ತೋರಸಬ್ಯಾಡ್ರಿ ಸಾಹೇಬರ. ಹೆದರಿದ ಮನಷ್ಯಾ ದವಾಖಾನಿಗೆ ಹೋಗಾಂಗಿಲ್ಲ. ನನ್ನಂಗ ಓಡಿ ಹೋಕ್ಕಾನ." ಮಕ್ಕಳ ಮುಂದೆ ಅವರು ತಾವೇ ಹೇಳಿದ್ದು ಇಷ್ಟು. ದನಿ ಮೂರು ವಾರ ಒಡೆದಿದ್ದರೆ, ಬಾಯೊಳಗಿನ ಹುಣ್ಣು ಮಾಯದಿದ್ದರೆ, ಎಲ್ಲಾದರೂ ಗಂಟು ಕಂಡರೆ ಅಪ್ಪ ಅವ್ವಗೆ ಹೇಳಿರಿ. ಬೇಗ ಹೋದರೆ ಸಣ್ಣದರಲ್ಲೇ ಮುಗಿಯುತ್ತದೆ, ನಾನು ತಡ ಮಾಡಿದೆ, ಅದಕ್ಕೇ ದೊಡ್ಡದಾಯಿತು.

ಇನ್ನು ನನ್ನ ಮಾತು. ಇಷ್ಟೆಲ್ಲ ಕಂಡ ನಾನು ಏನು ಮಾಡುತ್ತಿದ್ದೆ?

ಮೂವತ್ತೈದರ ಹೊತ್ತಿಗೆ ನನಗೂ ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಕಾಣಿಸತೊಡಗಿತ್ತು. ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಗಂಡನಿಗೂ ಇಲ್ಲ. ಅವ್ವನದೇ ನನಗೂ ಬಂತು, ಅದು ರಕ್ತದಲ್ಲೇ ಇದೆ ಎಂದು ನಂಬಿಬಿಟ್ಟಿದ್ದೆ. ಯರಗಟ್ಟಿಯಲ್ಲಿ ಹೆಣ್ಣುಮಕ್ಕಳ ತಪಾಸಣೆಯ ಶಿಬಿರವಿತ್ತು. ಕಾಕಾ ಸಾರುವ ಚೀಟಿಯನ್ನು ಬರೆದುಕೊಟ್ಟವಳು ನಾನೇ. ಮೂವತ್ತು ದಾಟಿದ ಎಲ್ಲರೂ ಬನ್ನಿ, ನೋವಿಲ್ಲ, ಐದು ನಿಮಿಷದ ಕೆಲಸ ಎಂದು ನನ್ನ ಕೈಬರಹದಲ್ಲಿ. ಚೀಟಿ ಓದಿಕೊಂಡು ಕಾಕಾ, "ನೀ ಮಾಡಿಸಿಯೇನ?" ಎಂದು ಕೇಳಿದರು.

"ಹೂನ್ರಿ, ಆಗೇತಿ."

ಅವರು ಹೆಬ್ಬೆರಳು ತೆಗೆದು ಉಸಿರಾಡಿಕೊಂಡು, ನನ್ನ ಮುಖವನ್ನೇ ನೋಡಿದರು. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಆಟೋ ನಿಂತಿತು. ಹಿಂದಿನ ಸೀಟಿನಲ್ಲಿ ಚಾಚಿ. ಕಾಕಾ ಇಳಿದು ಬಂದು ಹೊಸ್ತಿಲಲ್ಲಿ ನಿಂತರು.

"ಹತ್ತು."

"ಎಲ್ಲಿಗ್ರಿ?"

"ನಿನ್ನ ಸುಳ್ಳ ನಾ ಒಮ್ಮೆ ನಂಬೇನಿ. ಎರಡನೇ ಸರತಿ ನಂಬಂಗಿಲ್ಲ. ನಿಮ್ಮ ಅವ್ವ ಒಬ್ಬಾಕೀನ ಇದ್ಳಂತ ನೀನ ಹೇಳಿದಿ. ನೀ ಈಗ ಏನ್ ಮಾಡಾಕತ್ತಿ? ಹತ್ತು ಮಗಳ, ಚಾಚಿ ಜೋಡಿ ಬರತಾಳ."

ನಾನು ಅಂಗಳದಲ್ಲೇ ಕೂತು ಅತ್ತೆ. ಆಮೇಲೆ ಹತ್ತಿದೆ.

ಶಿಬಿರದ ಡಾಕ್ಟರಮ್ಮ ಗರ್ಭಕೋಶದ ಬಾಯಿಗೆ ಔಷಧ ಸವರಿ ನೋಡಿದರು. ಬಿಳಿ ಮಚ್ಚೆ ಕಾಣಿಸಿತು. ಮುಂದೆ ಧಾರವಾಡದಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಗೆ ಹತ್ತು ದಿನ. ಆ ಹತ್ತು ದಿನ ನಾನು ಶಾಲೆಗೆ ಹೋದೆ, ಪಾಠ ಮಾಡಿದೆ, ಅನ್ನ ಬೇಯಿಸಿದೆ, ಒಂದು ತುತ್ತೂ ರುಚಿಸಲಿಲ್ಲ. ಗಂಡನಿಗೆ ಹೇಳಿದೆ, ಅಪ್ಪನಿಗೆ ಹೇಳಿದೆ. ಅಪ್ಪ ಅವ್ವನ ಫೋಟೋ ಇದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಜೆ ಕಾಕಾ ಕಟ್ಟೆಗೆ ಬಂದು ಕೂರುತ್ತಿದ್ದರು. ಧೈರ್ಯ ತುಂಬುವ ಒಂದು ಮಾತನ್ನೂ ಆಡಲಿಲ್ಲ. "ಇವತ್ತ ಎಷ್ಟನೇ ದಿನ?" ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಯಾರೋ ನನ್ನ ಜೊತೆ ದಿನ ಎಣಿಸುತ್ತಿದ್ದಾರೆ ಎಂಬುದರಲ್ಲೇ ಹತ್ತು ದಿನ ಕಳೆದವು.

ಕ್ಯಾನ್ಸರ್ ಆಗಿರಲಿಲ್ಲ. ಮುಂದೆ ಆಗಬಹುದಾಗಿದ್ದ ಬದಲಾವಣೆ ಶುರುವಾಗಿತ್ತು. ಆ ಭಾಗವನ್ನು ಒಂದೇ ಮಧ್ಯಾಹ್ನದಲ್ಲಿ ತೆಗೆದು ಸಂಜೆಗೆ ಮನೆಗೆ ಕಳಿಸಿದರು. "ಇದು ತಾಯಿ ರಕ್ತದಿಂದ ಬರೂದಲ್ರಿ" ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. "ಬಹಳಷ್ಟು ಸರತಿ ಒಂದು ವೈರಸ್ಸಿನಿಂದ ಆಗೂದು. ಯಾರಿಗೂ ಆಗಬಹುದು. ನೀವು ಬಂದ್ರಿ, ಸಿಕ್ಕಿತು. ವರ್ಷಕ್ಕೊಮ್ಮೆ ಬಂದು ತೋರಸ್ರಿ." ಅವ್ವನಿಗೂ ಒಂದು ಕಾಲದಲ್ಲಿ ಅದು ಇಷ್ಟೇ ಇದ್ದಿರಬೇಕು ಎಂಬ ಯೋಚನೆ ಬಸ್ಸಿನಲ್ಲಿ ಬಂತು. ರಸ್ತೆಯ ಬದಿಯ ಗಿಡಗಳು ಕಣ್ಣಿಗೆ ಕಾಣದಾದವು.

ಆಪರೇಶನ್ನಿನ ನಂತರ ಕಾಕಾ ಏಳು ವರ್ಷ ಬದುಕಿದರು. ಹೋದ ವರ್ಷ ಕೆಮ್ಮಿನಲ್ಲಿ ರಕ್ತ ಬಂತು. ಈ ಸಲ ಒಂದು ದಿನವೂ ತಡ ಮಾಡಲಿಲ್ಲ, ತಾವೇ ಮಗನನ್ನು ಎಬ್ಬಿಸಿಕೊಂಡು ಹೋದರು. ಶ್ವಾಸಕೋಶದಲ್ಲಿ ಎರಡೂ ಕಡೆ ಹರಡಿತ್ತು. ವರದಿ ತಂದು ನನ್ನ ಕೈಗಿಟ್ಟು, "ಪೂರಾ ಓದು. ಕನ್ನಡದಾಗ ಹೇಳು. ಒಂದ ಸಾಲೂ ಜಿಗೀಬ್ಯಾಡ" ಅಂದರು. ಓದಿದೆ. ವಾಸಿಯಾಗುವಂಥದ್ದಲ್ಲ, ನೋವು ಕಡಿಮೆ ಇಡಬಹುದು ಎಂಬುದನ್ನೂ ಓದಿದೆ. ಕಾಕಾ ಹೆಬ್ಬೆರಳು ಒತ್ತಿಕೊಂಡು, "ಏಳು ವರ್ಷ ಹೆಚ್ಚಿಗಿ ಸಿಕ್ಕೂ ಮಗಳ. ಕಿತ್ತೂರ ಮೊಮ್ಮಗಳ ನಿಕಾಹ್ ನಾನ ಸಾರಿದೆ" ಅಂದರು. ಆಮೇಲೆ ಚಹಾ ಕೇಳಿದರು.

ಕೊನೆಯ ತಿಂಗಳುಗಳಲ್ಲಿ ನೋವಿನ 'ಮಾರ್ಫಿನ್' ಗುಳಿಗೆಗಳನ್ನು ಹೊತ್ತಿಗೆ ಸರಿಯಾಗಿ ಕೊಡುವುದನ್ನು ಚಾಚಿ ಕಲಿತಳು. ಕೇಳಿದ್ದಕ್ಕೆಲ್ಲ ಆ ಮನೆಯಲ್ಲಿ ಉತ್ತರ ಸಿಗುತ್ತಿತ್ತು. ಯಾರೂ ಏನನ್ನೂ ಮುಚ್ಚಿಡಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ, ಅಪ್ಪ ಪಕ್ಕದಲ್ಲಿ ಕೂತು ಪೇಪರ್ ಓದುತ್ತಿರುವಾಗ, ಕೊರಳಿನ ಬಟ್ಟೆ ಅಲುಗುವುದು ನಿಂತಿತು.

ಐದನೆಯ ದಿನಕ್ಕೆ ನನ್ನ ವರ್ಷದ ತಪಾಸಣೆ ಇತ್ತು. ಪ್ರತಿ ಸಲ ಚಾಚಿ ಜೊತೆಗೆ ಬರುತ್ತಿದ್ದಳು. ಈ ಸಲ ಅವಳು ಗಂಡ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹಿಡಿಯುವ ಇದ್ದತ್ತಿನಲ್ಲಿದ್ದಳು, ಮನೆ ಬಿಟ್ಟು ಹೊರಗೆ ಬರುವಂತಿರಲಿಲ್ಲ. ಮುಂದಿನ ತಿಂಗಳು ಹೋದರಾಯಿತು ಎಂದು ನಾನು ಮನಸ್ಸಿನಲ್ಲೇ ಮುಂದೂಡಿದ್ದೆ. ಬೆಳಿಗ್ಗೆ ನಾನು ಅಂಗಳದ ಕಸ ಗುಡಿಸುತ್ತಿದ್ದಾಗ ಚಾಚಿ ಎದುರುಮನೆಯ ಬಾಗಿಲ ಪರದೆಯ ಹಿಂದಿನಿಂದಲೇ, ಅತ್ತು ಅತ್ತು ಬತ್ತಿದ ದನಿಯಲ್ಲಿ ಕೇಳಿದಳು: "ಇವತ್ತ ಅಲ್ಲೇನ ನಿಂದು? ಇನ್ನೂ ತಯಾರ ಆಗಿಲ್ಲ?"

ಪೊರಕೆ ಇಟ್ಟು ಒಳಗೆ ಹೋಗಿ ಸೀರೆ ಬದಲಿಸಿದೆ. ಧಾರವಾಡದ ಬಸ್ ಹತ್ತಿದೆ. ದವಾಖಾನೆಯಲ್ಲಿ ನರ್ಸ್ ಹೆಸರು ಬರೆದುಕೊಳ್ಳುತ್ತ, "ಜೋಡಿ ಯಾರ ಬಂದಾರ್ರಿ?" ಎಂದು ಕೇಳಿದರು.

"ಯಾರಿಲ್ರಿ" ಅಂದೆ. "ನಾನ ಬಂದೇನಿ."